ಫೋನ್ ಮಾಡದೆ ಬಂದವರು

ಇಂಗ್ಲೆಂಡಿನ ನಮ್ಮ ಹಲ್ ಪಟ್ಟಣದಲ್ಲಿ ಒಬ್ಬರ ಮನೆಗೆ ಹೋಗುವ ಮೊದಲು ಫೋನ್ ಮಾಡಬೇಕು. ಒಡಹುಟ್ಟಿದ ಅಕ್ಕನ ಮನೆಯಾದರೂ ಸರಿ, ಪಕ್ಕದ ಬೀದಿಯಾದರೂ ಸರಿ. ಹೇಳದೆ ಕೇಳದೆ ಬಾಗಿಲು ಬಡಿದರೆ ಒಳಗಿನವರು ಮೊದಲು ಯಾರೋ ಸತ್ತಿರಬೇಕು ಎಂದುಕೊಳ್ಳುತ್ತಾರೆ, ಆಮೇಲೆ ಬಂದವರಿಗೆ ತಲೆ ಕೆಟ್ಟಿರಬೇಕು ಎಂದುಕೊಳ್ಳುತ್ತಾರೆ. ಏವ್ರಿಲ್ ಟಾಸ್ಕರ್ ಕೂಡ ಅರವತ್ತೆರಡು ವರ್ಷ ಹೀಗೆಯೇ ಬದುಕಿದವಳು. ಈಗ ಅವಳಿಗೆ ಅರವತ್ತೆಂಟು. ಕಳೆದ ಐದು ವರ್ಷದಿಂದ ಅವಳು ಮಾಡುತ್ತಿರುವ ಕೆಲಸವೇ ಹೇಳದೆ ಹೋಗಿ ಬಾಗಿಲು ಬಡಿಯುವುದು.

ಸರ್ಕಾರದ ತಪಾಸಣಾ ಇಲಾಖೆಯವರು ಆರೈಕೆ ಮನೆಗಳಿಗೆ ಮುನ್ಸೂಚನೆ ಕೊಡದೆ ಹೋಗುತ್ತಾರೆ. ಮುಪ್ಪಿನಲ್ಲಿ ಮರೆವು ಹತ್ತಿದವರು, ಹುಟ್ಟಿನಿಂದ ಬುದ್ಧಿ ಬೆಳೆಯದವರು, ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದವರು ಇರುವ ಮನೆಗಳು ಅವು. ತಪಾಸಣಾಧಿಕಾರಿ ಆಫೀಸಿನಲ್ಲಿ ಕೂತು ದಾಖಲೆ ಓದುತ್ತಾನೆ. ಅವನ ಜೊತೆ ಏವ್ರಿಲ್‌ಳಂಥ ಸಾಮಾನ್ಯರೊಬ್ಬರು ಹೋಗಿ, ಅಲ್ಲಿರುವವರ ನಡುವೆ ಕೂತು ಮಾತಾಡುತ್ತಾರೆ. ಅವಳ ಕೊರಳಿನ ಬಿಲ್ಲೆಯ ಮೇಲೆ ಹೆಸರಿನ ಕೆಳಗೆ ‘ಅನುಭವದಿಂದ ಬಲ್ಲವರು’ ಎಂದು ಬರೆದಿತ್ತು. ಅನುಭವ ಅಂದರೆ ಇನ್ನೇನಲ್ಲ, ತನ್ನವರೊಬ್ಬರನ್ನು ಅಂಥ ಮನೆಯಲ್ಲಿ ಬಿಟ್ಟ ಅನುಭವ. ಬಿಟ್ಟು ಕಳೆದುಕೊಂಡ ಅನುಭವ ಎಂದು ಬಿಲ್ಲೆಯಲ್ಲಿ ಬರೆಯುವುದಿಲ್ಲ.

ಮೂವತ್ತೊಂದು ವರ್ಷ ಅವಳು ಶಾಲೆಯ ಅಡುಗೆಮನೆಯಲ್ಲಿ ದುಡಿದಿದ್ದಳು. ಗಂಡ ಎಂದೋ ಹೋಗಿದ್ದ, ಮಕ್ಕಳಿರಲಿಲ್ಲ. ತಪಾಸಣೆ ಇಲ್ಲದ ದಿನ ಅವಳ ಬಾಯಿಂದ ಹೊರಡುವ ಮೊದಲ ಮಾತು ಬಸ್ಸಿನ ಡ್ರೈವರಿಗೆ ಹೇಳುವ ‘ಗುಡ್ ಮಾರ್ನಿಂಗ್’. ಬಸ್ಸು ಹತ್ತದ ದಿನ ಅದೂ ಇಲ್ಲ. ಒಮ್ಮೆ ಮೂರು ದಿನ ಹಾಗೆ ಕಳೆದು, ನಾಲ್ಕನೆಯ ದಿನ ಫೋನು ಎತ್ತಿದಾಗ ಗಂಟಲಿನಿಂದ ದನಿಯೇ ಬಂದಿರಲಿಲ್ಲ. ಆ ಕಡೆಯವರು ರಾಂಗ್ ನಂಬರ್ ಇರಬೇಕೆಂದು ಇಟ್ಟುಬಿಟ್ಟಿದ್ದರು.

ಆದರೆ ಕೆಲಸದಲ್ಲಿ ಅವಳು ಗಟ್ಟಿಗಿತ್ತಿ. ಇಲಾಖೆಯವರು ಕೊಟ್ಟ ಪ್ರಶ್ನೆಗಳ ಪಟ್ಟಿಯನ್ನು ಅವಳು ಬ್ಯಾಗಿನಿಂದ ಹೊರಗೇ ತೆಗೆಯುತ್ತಿರಲಿಲ್ಲ. ‘ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ?’ ಎಂದು ನಮ್ಮ ಕಡೆಯ ಮುದುಕರನ್ನು ಕೇಳಿ ಏನು ಉಪಯೋಗ? ಉಟ್ಟ ಬಟ್ಟೆಗೆ ಬೆಂಕಿ ಹತ್ತಿದ್ದರೂ ‘ಅಂಥದ್ದೇನಿಲ್ಲ ಬಿಡಿ’ ಅನ್ನುವ ಜಾತಿ ಇದು. ದೂರುವುದು ಅವಮರ್ಯಾದೆ. ಆದರೆ ಬೇರೆ ಯಾರಾದರೂ ಗೊಣಗಲು ಶುರು ಮಾಡಿದರೆ ಅವರನ್ನು ಒಬ್ಬರೇ ಗೊಣಗಲು ಬಿಡುವುದು ಇನ್ನೂ ದೊಡ್ಡ ಅವಮರ್ಯಾದೆ. ಈ ಗುಟ್ಟು ಅವಳಿಗೆ ಗೊತ್ತಿತ್ತು. ಅದಕ್ಕೇ ಅವಳು ಎಲ್ಲೇ ಹೋಗಲಿ, ಟೀ ಬಂದ ಕೂಡಲೇ ಒಂದು ಗುಟುಕು ಕುಡಿದು ಮುಖ ಸಿಂಡರಿಸಿ ಗೊಣಗುತ್ತಿದ್ದಳು.

ಅಕ್ಟೋಬರಿನ ಒಂದು ಮಂಗಳವಾರ ಅವಳು ಹೋದದ್ದು ಮಾರಮ್ ಹೌಸ್ ಎಂಬ ಮನೆಗೆ. ಹಲ್‌ನಿಂದ ಬಸ್ಸಿನಲ್ಲಿ ಒಂದು ಗಂಟೆ ಪೂರ್ವಕ್ಕೆ, ಕಡಲ ದಂಡೆಯಲ್ಲಿತ್ತು ಅದು. ಅಧಿಕಾರಿ ಲೋಮಾಸ್ ಆಗಲೇ ಗೇಟಿನ ಬಳಿ ನಿಂತಿದ್ದ. ಒಳ್ಳೆಯ ಮನುಷ್ಯ, ನಿಯಮ ಬಿಟ್ಟು ಒಂದು ಹೆಜ್ಜೆ ಇಡದವನು. ಮ್ಯಾನೇಜರ್ ಮಿಸೆಸ್ ಕ್ರಾಫ್ಟ್ ನಗುನಗುತ್ತಲೇ ಬಾಗಿಲು ತೆಗೆದು ಅವನನ್ನು ಆಫೀಸಿಗೂ ಏವ್ರಿಲ್‌ಳನ್ನು ಹಜಾರಕ್ಕೂ ಕಳಿಸಿದಳು.

ಹಜಾರದಲ್ಲಿ ಒಂಬತ್ತು ಮಂದಿ ಗೋಡೆಗುಂಟ ಕುರ್ಚಿಗಳಲ್ಲಿ ಕೂತಿದ್ದರು. ಟಿವಿ ಯಾರಿಗೂ ಬೇಡದೆ ಓಡುತ್ತಿತ್ತು. ಏವ್ರಿಲ್ ಐಡಾ ಎಂಬ ತೊಂಬತ್ತರ ಮುದುಕಿಯ ಪಕ್ಕ ಕೂತಳು. ಟೀ ಬಂತು. ಅವಳು ಕುಡಿದಳು, ಕಪ್ಪಿನೊಳಕ್ಕೆ ಇಣುಕಿ ನೋಡಿದಳು.

“ಟೀನಾ ಇದು? ಪಾತ್ರೆ ತೊಳೆದ ನೀರು ಕೊಟ್ಬಿಟ್ರು ಅನ್ಸುತ್ತೆ.”

ಐಡಾಳ ಕಣ್ಣು ಹೊಳೆಯಿತು. “ಇವತ್ತು ವಾಸಿ ಕಣಮ್ಮ. ನೀನು ಬಂದಿದೀಯ ಅಂತ ಎಲೆ ಹಾಕಿದಾರೆ. ನಿನ್ನೆ ಕುಡೀಬೇಕಿತ್ತು ನೀನು.”

“ನಮ್ಮನೆ ಹತ್ರದ ಅಂಗಡೀಲೂ ಹಿಂಗೇ. ಕೇಳಿದ್ರೆ ಕೆಲಸಕ್ಕೆ ಜನ ಇಲ್ಲ ಅಂತಾರೆ.”

“ಇಲ್ಲೆಲ್ಲಿದಾರೆ ಜನ? ಸಂಜೆ ಗಂಟೆ ಒತ್ತಿದ್ರೆ ಬೆಳಿಗ್ಗೆ ಬರ್ತಾರೆ. ದೂರ್ತಾ ಇಲ್ಲಮ್ಮ ನಾನು, ಹುಡುಗೀರು ಪಾಪ ಓಡಾಡೀ ಓಡಾಡೀ ಸಾಯ್ತವೆ. ಆ ವಿಲ್ಫ್‌ನ ನೋಡು, ಇವತ್ತು ಮಂಗಳವಾರ ಅಂತ ಎಬ್ಬಿಸಿ ಕೂರಿಸಿದಾರೆ.”

“ಬೇರೆ ದಿನ?”

“ಬೇರೆ ದಿನ ಅವನು ಎಲ್ಲಿ ಕಾಣ್ತಾನೆ? ರೂಮಲ್ಲೇ ಬಿದ್ದಿರ್ತಾನೆ. ಎತ್ತೋಕೆ ಇಬ್ರು ಬೇಕಲ್ಲ, ಅಷ್ಟು ದಪ್ಪ. ನಾನು ದೂರ್ತಾ ಇಲ್ಲಪ್ಪ.”

ಏವ್ರಿಲ್ ತಿರುಗಿ ನೋಡಿದಳು. ಕಿಟಕಿಯ ಬಳಿ ಅರವತ್ತರ ಆಸುಪಾಸಿನ ದೊಡ್ಡ ದೇಹದ ಮನುಷ್ಯನೊಬ್ಬ ಕೂತಿದ್ದ. ಮುಖ ಮಾತ್ರ ಮಗುವಿನದು. ಮೈಮೇಲೆ ಹೊಸ ನೀಲಿ ಸ್ವೆಟರ್, ಅಂಗಡಿಯಲ್ಲಿ ಮಡಿಸಿದ ಗೆರೆ ಎದೆಯ ಮೇಲೆ ಹಾಗೇ ಇತ್ತು. ಮಂಡಿಯ ಮೇಲೆ ಕಂಬಳಿ. ಎಡಕ್ಕೆ ವಾಲಿ, ಒಂದೇ ಕುಂಡೆಯ ಮೇಲೆ ಭಾರ ಹಾಕಿ ಕೂತಿದ್ದ.

ಅವಳು ಅವನನ್ನೇ ನೋಡುತ್ತ ಕಪ್ಪನ್ನು ಕೆಳಗಿಟ್ಟಳು.

ಅಷ್ಟರಲ್ಲಿ ವಿಲ್ಫ್‌ನ ಅಕ್ಕ ಮೇವಿಸ್ ಬಂದಳು. ಎಪ್ಪತ್ತು ದಾಟಿದ, ಮಳೆಕೋಟು ತೊಟ್ಟ ತೆಳ್ಳಗಿನ ಹೆಂಗಸು. ಕೈಯಲ್ಲಿ ಕಸ್ಟರ್ಡ್ ಬಿಸ್ಕತ್ತಿನ ಪೊಟ್ಟಣ. ತಮ್ಮನ ಕೆನ್ನೆಗೆ ಮುತ್ತಿಟ್ಟು, ಸ್ವೆಟರನ್ನು ಎಳೆದು ಸರಿಮಾಡಿ, ಏವ್ರಿಲ್‌ಳ ಬಿಲ್ಲೆ ನೋಡಿ ನಕ್ಕಳು.

“ಓ, ತಪಾಸಣೆಯೋರಾ? ಒಳ್ಳೇದಾಯ್ತು ಬಂದಿದ್ದು. ಇಲ್ಲಿ ಬಹಳ ಚೆನ್ನಾಗಿ ನೋಡ್ಕೋತಾರೆ ಬರ್ಕೊಳಿ. ನಾಲ್ಕು ವರ್ಷದಿಂದ ಪ್ರತಿ ಮಂಗಳವಾರ ಬರ್ತೀನಿ, ಒಂದಿನಾನೂ ಇವನು ಕೊಳಕಾಗಿ ಇದ್ದಿದ್ದು ನೋಡಿಲ್ಲ.”

“ಹೇಳದೇನೂ ಬರ್ತೀರಾ, ಒಮ್ಮೊಮ್ಮೆ?” ಎಂದಳು ಏವ್ರಿಲ್.

“ಅಯ್ಯೋ, ಹಾಗೆ ನುಗ್ಗೋಕಾಗುತ್ತಾ? ಸೋಮವಾರ ಸಂಜೆ ಫೋನ್ ಮಾಡೇ ಬರೋದು. ಅವರಿಗೂ ನೂರೆಂಟು ಕೆಲಸ ಇರುತ್ತೆ, ಮರ್ಯಾದೆ ಅಂತ ಒಂದಿರುತ್ತಲ್ಲ.” ಮೇವಿಸ್ ತಮ್ಮನ ಕಡೆ ತಿರುಗಿದಳು. “ವಿಲ್ಫ್, ಇದೇನೋ ಸೊಟ್ಟಗೆ ಕೂತಿದೀಯ? ನೆಟ್ಟಗೆ ಕೂತ್ಕೋ ಪುಟ್ಟ. ಜನ ನೋಡ್ತಿದಾರೆ.”

ವಿಲ್ಫ್ ನೆಟ್ಟಗಾಗಲು ನೋಡಿದ. ಮುಖದಲ್ಲಿ ಏನೋ ಹಾದುಹೋಯಿತು. ಮತ್ತೆ ಎಡಕ್ಕೆ ವಾಲಿದ.

ಏವ್ರಿಲ್ ಎದ್ದು ಹಜಾರದಿಂದ ಹೊರಗೆ ಬಂದಳು. ನೇರ ಆಫೀಸಿನ ಕಡೆ ನಡೆದಳು.

ಅವಳ ತಮ್ಮ ಡೆನಿಸ್ ಕೂಡ ಹುಟ್ಟಿನಿಂದ ವಿಲ್ಫ್‌ನಂತೆಯೇ ಇದ್ದವನು. ತಾಯಿ ತೀರಿಕೊಂಡ ಮೇಲೆ ಅವಳು ಅವನನ್ನು ಒಂದು ಆರೈಕೆ ಮನೆಗೆ ಸೇರಿಸಿದ್ದಳು. ಹನ್ನೊಂದು ವರ್ಷ, ಪ್ರತಿ ಭಾನುವಾರ ಎರಡೂವರೆಗೆ ಹೋಗುತ್ತಿದ್ದಳು, ಶನಿವಾರ ಸಂಜೆ ತಪ್ಪದೆ ಫೋನ್ ಮಾಡಿ. ಪ್ರತಿ ಭಾನುವಾರವೂ ಅವನು ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟು, ಮಂಡಿಗೆ ಕಂಬಳಿ ಹೊದ್ದು ಕುರ್ಚಿಯಲ್ಲಿರುತ್ತಿದ್ದ. ಕೊನೆಯ ಆರು ಭಾನುವಾರ ಸೊಟ್ಟಗೆ ಕೂತಿರುತ್ತಿದ್ದ. ಏಳನೆಯ ಭಾನುವಾರ ಬರುವ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿ ಸತ್ತಿದ್ದ. ವಾರಗಟ್ಟಲೆ ಮಗ್ಗುಲು ಬದಲಿಸದೆ ಮಲಗಿಸಿದ್ದರಿಂದ ಬೆನ್ನ ಕೆಳಗೆ ಎಲುಬು ಕಾಣುವಷ್ಟು ಹಾಸಿಗೆ ಹುಣ್ಣಾಗಿ, ರಕ್ತಕ್ಕೆ ನಂಜೇರಿತ್ತು. ಸಾವಿನ ವಿಚಾರಣೆಯಲ್ಲಿ ಅಧಿಕಾರಿ ಮೆತ್ತಗೆ ಕೇಳಿದ್ದರು, ನೀವು ಪ್ರತಿ ವಾರ ನೋಡುತ್ತಿದ್ದಿರಲ್ಲ, ಏನೂ ಅನ್ನಿಸಲಿಲ್ಲವೇ ಎಂದು. ಇಲ್ಲ ಸರ್ ಎಂದಿದ್ದಳು. ಆ ಆರು ಭಾನುವಾರವೂ ತಾನು ಅವನಿಗೆ ಏನು ಹೇಳಿದ್ದೆ ಎಂಬುದನ್ನು ಅವಳು ಅಲ್ಲೂ ಹೇಳಲಿಲ್ಲ, ಆಮೇಲೆ ಯಾರಿಗೂ ಹೇಳಲಿಲ್ಲ.

ಏವ್ರಿಲ್ ಬಂದು ಹೇಳಿದ್ದನ್ನು ಕೇಳಿ ಲೋಮಾಸ್ ಆಫೀಸಿನಲ್ಲಿ ವಿಲ್ಫ್‌ನ ಕಡತ ತೆಗೆದು ನೋಡಿದ. ಪ್ರತಿ ದಿನ ಮಗ್ಗುಲು ಬದಲಿಸಿದ್ದಕ್ಕೆ ಗುರುತು ಇತ್ತು. ‘ಚರ್ಮ ಚೆನ್ನಾಗಿದೆ’ ಎಂದು ಪ್ರತಿ ದಿನ ಬರೆದಿತ್ತು.

“ಒಂದೇ ಪೆನ್ನು, ಒಂದೇ ಕೈ,” ಎಂದು ಅವನು ಹುಬ್ಬು ಗಂಟಿಕ್ಕಿದ. “ಆದ್ರೆ ಏವ್ರಿಲ್, ಸೊಟ್ಟಗೆ ಕೂತಿದಾನೆ ಅಂತಷ್ಟೇ ಏನು ಬರೀಲಿ ನಾನು?”

“ಬರೀಬೇಡಿ. ನೋಡ್ಸಿ.”

ಅವನು ಮ್ಯಾನೇಜರನ್ನು ಕರೆದು ಕೇಳಿದ. ಮಿಸೆಸ್ ಕ್ರಾಫ್ಟ್‌ಳ ನಗು ಅಲುಗಲಿಲ್ಲ. “ಅದು ಅವನ ಅಭ್ಯಾಸ. ಬೇಕಿದ್ರೆ ನೋಡೋಣ, ಆದ್ರೆ ಅವನು ಒಪ್ಪಬೇಕಲ್ವಾ? ನಿಮ್ಮ ನಿಯಮಾನೇ ಅದು.”

ನಿಯಮ ಅದೇ. ಬುದ್ಧಿ ಬೆಳೆಯದವನಾದರೂ ಅವನ ಮೈ ಅವನದು. ಅವನಿಗೆ ಅರ್ಥವಾಗುವ ಹಾಗೆ ಕೇಳಬೇಕು, ಬೇಡವೆಂದರೆ ಬಟ್ಟೆ ಬಿಚ್ಚುವ ಹಾಗಿಲ್ಲ. ಅವನಂಥವರನ್ನು ಕಾಪಾಡಲೆಂದೇ ಮಾಡಿದ ಒಳ್ಳೆಯ ನಿಯಮ. ಲೋಮಾಸ್ ಹಜಾರಕ್ಕೆ ಹೋಗಿ ವಿಲ್ಫ್‌ನ ಎದುರು ಮಂಡಿಯೂರಿ ಕೇಳಿದ, “ವಿಲ್ಫ್, ಬೆನ್ನಲ್ಲಿ ನೋವಿದೆಯಾ? ನರ್ಸ್ ಒಂದ್ಸಲ ನೋಡ್ಬಹುದಾ?”

“ಚೆನ್ನಾಗಿದೀನಿ, ಥ್ಯಾಂಕ್ಯೂ,” ಎಂದ ವಿಲ್ಫ್. ಎಂದೋ ಅಮ್ಮ ಕಲಿಸಿದ ಮಾತು. ಯಾರು ಏನು ಕೇಳಿದರೂ ಅದನ್ನೇ ಹೇಳುತ್ತಿದ್ದ.

“ನೋಡಿದ್ರಾ,” ಎಂದಳು ಮಿಸೆಸ್ ಕ್ರಾಫ್ಟ್.

“ಏನಂತೆ? ಯಾಕೆ ಇವನ ಹಿಂದೆ ಬಿದ್ದಿದೀರ?” ಮೇವಿಸ್‌ಳ ದನಿ ಏರಿತು.

ಲೋಮಾಸ್ ಎದ್ದು ನಿಂತ. ನಾಳೆ ಡಾಕ್ಟರಿಗೆ ಬರೆದು ಕೇಳುತ್ತೇನೆ, ಸ್ಥಳೀಯ ಕೌನ್ಸಿಲಿಗೂ ತಿಳಿಸುತ್ತೇನೆ ಎಂದು ಮೆಲ್ಲಗೆ ಹೇಳಿದ. ಅವನದೇನೂ ತಪ್ಪಿರಲಿಲ್ಲ. ಆದರೆ ನಾಳೆ ಅಂದರೆ ಏನು ಎಂಬುದು ಆ ಕೋಣೆಯಲ್ಲಿ ಏವ್ರಿಲ್‌ಗೆ ಒಬ್ಬಳಿಗೇ ಗೊತ್ತಿತ್ತು. ವಿಲ್ಫ್ ಹೌದು ಅನ್ನುವುದಿದ್ದರೆ ಅಕ್ಕ ಹೇಳಿದರೆ ಮಾತ್ರ. ಅಕ್ಕ ಹೇಳಬೇಕಿದ್ದರೆ ಅವಳಿಗೆ ಏವ್ರಿಲ್ ಹೇಳಬೇಕು. ಸಂಬಂಧಿಕರ ಹತ್ತಿರ ತನ್ನ ಕಥೆ ಹೇಳಬಾರದು, ತನ್ನ ಅನಿಸಿಕೆ ಹೇಳಿ ಗಾಬರಿ ಹುಟ್ಟಿಸಬಾರದು, ಕೇಳಿದ್ದನ್ನು ಮಾತ್ರ ಬರೆದುಕೊಳ್ಳಬೇಕು ಎಂದು ತರಬೇತಿಯಲ್ಲಿ ಎರಡು ಸಲ ಹೇಳಿದ್ದರು. ಅವಳು ಎರಡು ಸಲವೂ ಸಹಿ ಹಾಕಿದ್ದಳು.

ಅವಳು ಮೇವಿಸ್‌ಳ ಎದುರಿನ ಕುರ್ಚಿಯಲ್ಲಿ ಕೂತಳು.

“ನನಗೂ ಒಬ್ಬ ತಮ್ಮ ಇದ್ದ, ಡೆನಿಸ್ ಅಂತ,” ಎಂದಳು. “ಇಂಥಾದ್ದೇ ಮನೆ. ನಾನೂ ಫೋನ್ ಮಾಡೇ ಹೋಗ್ತಿದ್ದೆ. ಅವನೂ ಹೀಗೇ ವಾಲ್ಕೊಂಡು ಕೂತಿರ್ತಿದ್ದ. ನೆಟ್ಟಗೆ ಕೂತ್ಕೋ ಅಂತ ಬೈದೆ. ಆರು ಭಾನುವಾರ ಬೈದೆ. ಒಂದ್ಸಲ ಭುಜ ಹಿಡಿದು ನಾನೇ ನೆಟ್ಟಗೆ ಕೂರಿಸ್ದೆ. ಹುಣ್ಣಿನ ಮೇಲೆ ಕೂರಿಸ್ದೆ ಅಂತ ಅವನು ಸತ್ತ ಮೇಲೆ ಗೊತ್ತಾಯ್ತು.”

ಲೋಮಾಸ್ “ಏವ್ರಿಲ್” ಎಂದ. ಮಿಸೆಸ್ ಕ್ರಾಫ್ಟ್‌ಳ ನಗು ಹೋಗಿತ್ತು.

ಮೇವಿಸ್ ಬಿಸ್ಕತ್ತಿನ ಪೊಟ್ಟಣವನ್ನು ನಿಧಾನಕ್ಕೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. “ವಿಲ್ಫ್,” ಎಂದಳು, “ಅಕ್ಕ ನಿನ್ನ ಬೆನ್ನು ನೋಡ್ಲಾ ಪುಟ್ಟ? ಅಕ್ಕ ಒಬ್ಬಳೇ.”

ವಿಲ್ಫ್ ಯೋಚಿಸಿದ. “ಬೈಬಾರದು,” ಎಂದ.

ಇಬ್ಬರು ಹುಡುಗಿಯರು ಅವನನ್ನು ಗಾಲಿಕುರ್ಚಿಗೆ ಎತ್ತಿ ರೂಮಿಗೆ ಒಯ್ದು ಮಗ್ಗುಲಾಗಿ ಮಲಗಿಸಿ ಹೊರಬಂದರು. ಬಾಗಿಲು ಮುಚ್ಚಿತು. ಏವ್ರಿಲ್ ಹೊರಗೆ ಗೋಡೆಗೆ ಒರಗಿ ನಿಂತಳು. ಇದು ತನ್ನ ಭ್ರಮೆಯಾಗಿರಲಿ, ತನಗೆ ತಲೆ ಕೆಟ್ಟಿದೆ ಎಂದು ಎಲ್ಲರೂ ನಗಲಿ ಎಂದು ಅವಳು ಮನಸಾರೆ ಬೇಡಿಕೊಂಡಳು. ಆಮೇಲೆ ಮೇವಿಸ್ ಬಾಗಿಲು ತೆಗೆದಳು. ಅವಳ ಮುಖ ನೋಡಿದ ಲೋಮಾಸ್ ಏನೂ ಕೇಳದೆ ಆಂಬುಲೆನ್ಸಿಗೆ ಫೋನ್ ಮಾಡಿದ.

ಆಂಬುಲೆನ್ಸ್ ಬರುವವರೆಗೆ ಮೇವಿಸ್ ಮೆಟ್ಟಿಲ ಮೇಲೆ ನಿಂತಿದ್ದಳು. ಏವ್ರಿಲ್ ಹತ್ತಿರ ಹೋದಾಗ ತಿರುಗಿ ನೋಡಿದಳು, ಕಣ್ಣಲ್ಲಿ ನೀರಿರಲಿಲ್ಲ.

“ನೀವು ಬಂದು ಒಂದೂವರೆ ಗಂಟೆ ಆಯ್ತಲ್ಲ. ಅವನನ್ನ ನೋಡಿದ ತಕ್ಷಣ ನಿಮಗೆ ಗೊತ್ತಾಗಿತ್ತು. ಮೊದ್ಲೇ ಯಾಕೆ ಬಾಯಿ ಬಿಡ್ಲಿಲ್ಲ?”

ಏವ್ರಿಲ್‌ಗೆ ಒಂದೂವರೆ ಗಂಟೆಯಲ್ಲ, ಆರು ವರ್ಷ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಆಂಬುಲೆನ್ಸ್ ಬಂದು ಅಕ್ಕ ತಮ್ಮ ಇಬ್ಬರನ್ನೂ ಕರೆದುಕೊಂಡು ಹೋಯಿತು.

ಗೇಟಿನ ಬಳಿ ಲೋಮಾಸ್ ತಲೆ ತಗ್ಗಿಸಿ ಹೇಳಿದ, “ನೀವು ಮಾಡಿದ್ದು ಸರಿ ಅಂತ ನನಗ್ಗೊತ್ತು. ಆದ್ರೂ ನಡೆದಿದ್ದನ್ನ ನಾನು ಬರೀಲೇಬೇಕು.”

“ಬರೀರಿ,” ಎಂದಳು ಅವಳು. “ಬರೀದೇ ಇದ್ರೆ ನಾಳೆ ನಿಮ್ಮ ಬರಹಾನ ಯಾರು ನಂಬ್ತಾರೆ?”

ಮಾರಮ್ ಹೌಸಿಗೆ ಹೊಸಬರನ್ನು ಸೇರಿಸಬಾರದೆಂದು ಆದೇಶವಾಯಿತು. ಏವ್ರಿಲ್‌ಗೂ ಒಂದು ಕಾಗದ ಬಂತು. ವಿಷಯ ಪರಿಶೀಲನೆಯಲ್ಲಿರುವುದರಿಂದ ಸದ್ಯಕ್ಕೆ ನಿಮಗೆ ಕೆಲಸ ಕೊಡಲಾಗುವುದಿಲ್ಲ, ನಿಮ್ಮ ಸೇವೆಗೆ ನಾವು ಋಣಿ ಎಂದಿತ್ತು. ಅವಳು ಬಿಲ್ಲೆಯನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಅಕ್ಟೋಬರ್ ಮುಗಿಯಿತು, ನವೆಂಬರ್ ಮುಗಿಯಿತು. ಹೋಗುವ ಊರಿಲ್ಲದ ಮೇಲೆ ಬಸ್ಸೂ ಇಲ್ಲ, ಡ್ರೈವರಿಗೆ ಹೇಳುವ ‘ಗುಡ್ ಮಾರ್ನಿಂಗ್’ ಸಹ ಇಲ್ಲ. ವಿಲ್ಫ್ ಬದುಕಿದನೋ ಇಲ್ಲವೋ ಎಂದು ಕೇಳಲು ಎರಡು ಸಲ ಆಸ್ಪತ್ರೆಗೆ ಫೋನ್ ಮಾಡಿದಳು. ನೀವು ಅವನಿಗೆ ಏನಾಗಬೇಕು ಎಂದು ಕೇಳಿದರು. ಏನೂ ಅಲ್ಲ ಎಂದು ಇಟ್ಟಳು.

ಭಾನುವಾರದ ಎರಡೂವರೆ ಗಂಟೆಯನ್ನು ಏನು ಮಾಡುವುದೆಂದು ಆರು ವರ್ಷದಿಂದಲೂ ಅವಳಿಗೆ ತಿಳಿದಿರಲಿಲ್ಲ. ಸುಮ್ಮನೆ ಕಿಟಕಿಯ ಬಳಿ ಕೂರುತ್ತಿದ್ದಳು. ಡಿಸೆಂಬರಿನ ಮೊದಲ ಭಾನುವಾರ ಹಾಗೆ ಕೂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಯಾರೋ ಸತ್ತಿರಬೇಕು ಎಂದುಕೊಂಡೇ ಎದ್ದಳು. ರಾತ್ರಿ ತೊಟ್ಟ ಗೌನು, ಅದರ ಮೇಲೆ ಹಳೆಯ ಸ್ವೆಟರ್, ಬಾಚದ ತಲೆ.

ಬಾಗಿಲಲ್ಲಿ ಮೇವಿಸ್ ನಿಂತಿದ್ದಳು.

“ಲೋಮಾಸ್ ಅಡ್ರೆಸ್ ಕೊಡಲ್ಲ ಅಂದ್ರು, ನಿಯಮ ಅಂತೆ,” ಎಂದಳು ಅವಳು. “ಟಾಸ್ಕರ್ ಅಂತ ಈ ಕಡೆ ಎಷ್ಟು ಮನೆ ಇದಾವೆ ಹೇಳಿ. ಇದು ನಾಲ್ಕನೇದು.”

ಏವ್ರಿಲ್ ಗೌನಿನ ಕೊರಳನ್ನು ಕೈಯಿಂದ ಮುಚ್ಚಿಕೊಂಡಳು. “ಒಂದು ಫೋನ್ ಮಾಡ್ಬಹುದಿತ್ತಲ್ಲ ನೀವು,” ಎಂದುಬಿಟ್ಟಳು.

ಹೇಳಿದ ಮೇಲೆ ಇಬ್ಬರಿಗೂ ಕೇಳಿಸಿತು ಅದು. ಮೇವಿಸ್ ನಗಲಿಲ್ಲ.

“ಈಗ ನಾನು ಯಾರಿಗೂ ಮಾಡಲ್ಲ,” ಎಂದಳು. “ವಿಲ್ಫ್ ಇಲ್ಲೇ ಹಲ್‌ನಲ್ಲಿದಾನೆ, ಬೇರೆ ಮನೇಲಿ. ಹುಣ್ಣು ಮಾಯ್ತಾ ಇದೆ. ದಿನಾ ಒಂದೊಂದು ಹೊತ್ತಿಗೆ ಹೋಗ್ತೀನಿ. ಈಯಮ್ಮ ಮತ್ತೆ ಬಂದ್ಲು ಅಂತ ಮುಖ ಮಾಡ್ತಾರೆ. ಮಾಡ್ಲಿ ಬಿಡಿ. ಒಳಗೆ ಬರ್ಲಾ?”

ಏವ್ರಿಲ್ ಟೀ ಮಾಡಿ ತಂದಳು. ಮೇವಿಸ್ ಕೋಟು ಬಿಚ್ಚದೆ ಕೂತು ಸುತ್ತ ನೋಡಿದಳು. ಮೇಜಿನ ಮೇಲೆ ಒಂದೇ ತಟ್ಟೆ, ಅದರಲ್ಲಿ ಅರ್ಧ ತಿಂದ ಟೋಸ್ಟ್. ಹೀಟರ್ ಆರಿತ್ತು. ಎರಡನೆಯ ಕುರ್ಚಿಯ ಮೇಲಿದ್ದ ಹಳೆ ಪೇಪರಿನ ರಾಶಿಯನ್ನು ಅವಳೇ ಎತ್ತಿಟ್ಟು ಕೂತಿದ್ದಳು.

“ಹೇಗಿದೀರಿ ನೀವು?”

“ನನಗೇನು, ಚೆನ್ನಾಗಿದೀನಿ. ಏನೂ ತೊಂದರೆ ಇಲ್ಲ.”

ಮೇವಿಸ್ ಕಪ್ಪನ್ನು ಎತ್ತಿ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು.

“ಟೀನಾ ಇದು?” ಎಂದಳು. “ವಿಲ್ಫ್‌ನ ಬಟ್ಟೆ ತರೋಕೆ ಹೋದಾಗ ನಿಮ್ಮ ಬಗ್ಗೆ ಆ ಐಡಾ ಎಲ್ಲಾ ಹೇಳಿದಾಳೆ ನಂಗೆ.”

ಏವ್ರಿಲ್ ಕಪ್ಪನ್ನು ಎರಡು ಕೈಯಲ್ಲಿ ಹಿಡಿದು ಕೂತಳು. ಐದು ವರ್ಷ ಊರೂರಿನ ಮುದುಕರ ಬಾಯಿ ಬಿಡಿಸಿದವಳಿಗೆ ತನ್ನ ಬಾಯಿ ಬಿಡಿಸುವವರು ಬರುತ್ತಾರೆಂದು ತೋಚಿರಲಿಲ್ಲ.

“ನೀರು ಸರಿಯಾಗಿ ಕುದೀಲಿಲ್ಲ,” ಎಂದಳು. “ಒಬ್ಬಳಿಗೇ ಅಂತ ಕುದಿಸೋಕೆ ಮನಸ್ಸೇ ಬರಲ್ಲ ಕಣ್ರೀ. ಡೆನಿಸ್ ಹೋದಾಗಿಂದ ಹಿಂಗೇ ಕುಡೀತಿದೀನಿ.”

ಮೇವಿಸ್ ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು, ಎದ್ದು ಅಡುಗೆಮನೆಗೆ ಹೋಗಿ ಮತ್ತೆ ನೀರಿಟ್ಟಳು.